ಎಐ ತಾನೇ ಟೆಸ್ಟ್ ಬರೆಯುತ್ತೆ ಅಂದಮೇಲೆ ಟೆಸ್ಟರ್ ಯಾಕೆ?

ಪ್ರಶ್ನೆ: "ಮೇಡಂ, ಬಿಸಿಎ ಮುಗೀತು. ಸಾಫ್ಟ್‌ವೇರ್ ಟೆಸ್ಟಿಂಗ್ ಕೋರ್ಸ್‌ಗೆ ಸೇರೋಣ ಅಂತಿದ್ದೆ. ಆದರೆ ಈಗ ಎಐ ತಾನೇ ಕೋಡ್ ಬರೆಯುತ್ತೆ, ಅದಕ್ಕೆ ತಾನೇ ಟೆಸ್ಟ್ ಬರೆಯುತ್ತೆ, ಎಲ್ಲ ಪಾಸ್ ಅಂತ ತೋರಿಸುತ್ತೆ. ಇನ್ನು ಟೆಸ್ಟರ್ ಯಾಕೆ ಬೇಕು? ಕೋರ್ಸ್‌ಗೆ ಕಟ್ಟುವ ದುಡ್ಡು ದಂಡನಾ?"

ಉತ್ತರ: ಈ ಪ್ರಶ್ನೆ ಬಂದಿರುವುದು ದಾವಣಗೆರೆಯಿಂದ. ಹೋದ ವಾರ ಇದನ್ನೇ ಹಾಸನದಿಂದ ಒಬ್ಬರು ಕೇಳಿದ್ದರು. ಅದಕ್ಕೂ ಮುಂಚೆ ನಮ್ಮ ಚಿಕ್ಕಮ್ಮನ ಮಗ ಮದುವೆ ಊಟದ ಪಂಕ್ತಿಯಲ್ಲಿ, ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಲೇ ಕೇಳಿದ್ದ. ಒಬ್ಬೊಬ್ಬರಿಗೇ ಹೇಳಿ ಹೇಳಿ ಸಾಕಾಗಿದೆ. ಹಾಗಾಗಿ ಒಂದೇ ಸಲ ಪೂರ್ತಿ ಬರೆದಿಡುತ್ತಿದ್ದೇನೆ. ಇನ್ನು ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಕೋರ್ಸಿನ ವಿಷಯ ಮೊದಲೇ ಮುಗಿಸಿಬಿಡುತ್ತೇನೆ. ಎಕ್ಸೆಲ್ ಶೀಟ್ ಎದುರಿಗಿಟ್ಟುಕೊಂಡು, ಅದರಲ್ಲಿ ಬರೆದ ಹಾಗೆ ಕ್ಲಿಕ್ ಮಾಡಿ, ಕೊನೆಯ ಕಾಲಂನಲ್ಲಿ ಪಾಸ್, ಫೇಲ್ ಅಂತ ತುಂಬುವುದನ್ನಷ್ಟೇ ಅಲ್ಲಿ ಕಲಿಸುತ್ತಾರಾದರೆ, ಹೌದು, ದಂಡ. ಆ ಕೆಲಸ ಹೋಗುತ್ತಿದೆ. ಅದನ್ನು ನಂಬಿ ಮಾರತಹಳ್ಳಿಯಲ್ಲೋ ಬಿಟಿಎಂ ಲೇಔಟ್‌ನಲ್ಲೋ ಪಿಜಿ ಹಿಡಿದು ಆರು ತಿಂಗಳು ಕೂರಬೇಡಿ. ಆದರೆ "ಎಐ ತಾನೇ ಟೆಸ್ಟ್ ಬರೆಯುತ್ತೆ, ಎಲ್ಲ ಪಾಸ್ ಅಂತ ತೋರಿಸುತ್ತೆ, ಹಾಗಾಗಿ ಟೆಸ್ಟರ್ ಬೇಡ" ಅನ್ನುತ್ತೀರಲ್ಲ, ಆ "ಹಾಗಾಗಿ" ಇದೆಯಲ್ಲ, ನನಗೆ ಜಗಳ ಇರುವುದು ಅದರ ಜೊತೆ.

ಏನು ಬದಲಾಗಿದೆ ಅನ್ನುವುದನ್ನು ಮೊದಲು ಒಪ್ಪಿಕೊಳ್ಳೋಣ. ನಾನು ಈ ಕೆಲಸಕ್ಕೆ ಸೇರಿದಾಗ ವಿನ್‌ರನ್ನರ್, ಕ್ಯೂಟಿಪಿ ಕಾಲ. ಎರಡೂ ಮರ್ಕ್ಯುರಿ ಅನ್ನುವ ಕಂಪನಿಯ, ಟೆಸ್ಟ್‌ಗಳನ್ನು ತಾವೇ ಓಡಿಸುವ ದುಬಾರಿ ಟೂಲ್‌ಗಳು. 2004ರಲ್ಲಿ ಷಿಕಾಗೋದಲ್ಲಿ ಜೇಸನ್ ಹಗಿನ್ಸ್ ಒಂದು ಟೂಲ್ ಶುರು ಮಾಡಿದರು. ಅದೇ ಮುಂದೆ ಎಲ್ಲರಿಗೂ ಬಿಟ್ಟಿ ಸಿಕ್ಕ ಸೆಲೆನಿಯಂ. ಮರ್ಕ್ಯುರಿ ಅಂದರೆ ಪಾದರಸ, ಪಾದರಸದ ವಿಷಕ್ಕೆ ಸೆಲೆನಿಯಂ ಮದ್ದು. ಹೆಸರಿನ ಹಿಂದಿನ ತಮಾಷೆ ಅದು. ಆಮೇಲಿನ ಹತ್ತು ಹದಿನೈದು ವರ್ಷ ನಮ್ಮ ಬಾಳೆಲ್ಲ ಸ್ಕ್ರಿಪ್ಟ್ ರಿಪೇರಿಯಲ್ಲೇ ಹೋಯಿತು. ಡೆವಲಪರ್ ಒಂದು ಬಟನ್ನಿನ ಐಡಿ ಬದಲಿಸಿದರೆ ಸಾಕು, ಸೋಮವಾರ ಬೆಳಿಗ್ಗೆ ಅರವತ್ತು ಟೆಸ್ಟ್ ಕೆಂಪು, ಅಂದರೆ ಫೇಲ್. ಅದರಲ್ಲಿ ನಿಜವಾದ ಬಗ್ ಒಂದೂ ಇರುತ್ತಿರಲಿಲ್ಲ.

ಈ ತಲೆನೋವನ್ನು ಎಐ ಚೆನ್ನಾಗಿಯೇ ಕಡಿಮೆ ಮಾಡಿದೆ. ಬಟನ್ ಜಾಗ ಬದಲಾದರೆ ಟೂಲ್ ತಾನೇ ಹುಡುಕಿಕೊಳ್ಳುತ್ತದೆ. ಮೈಕ್ರೋಸಾಫ್ಟ್ 2020ರಲ್ಲಿ ತಂದ ಟೆಸ್ಟಿಂಗ್ ಟೂಲ್ ಪ್ಲೇರೈಟ್‌ನಲ್ಲಿ 2025ರಿಂದ, ಹೇಳಿದ ಕೆಲಸವನ್ನು ತಾವೇ ಮಾಡಿ ಮುಗಿಸುವ ಮೂರು ಎಐ ಏಜೆಂಟ್‌ಗಳೇ ಇವೆ. ಒಂದು ಪ್ಲಾನ್ ಹಾಕುತ್ತದೆ, ಒಂದು ಟೆಸ್ಟ್ ಬರೆಯುತ್ತದೆ, ಇನ್ನೊಂದು ಮುರಿದದ್ದನ್ನು ರಿಪೇರಿ ಮಾಡುತ್ತದೆ. ಪ್ರೋಗ್ರಾಂ ಓಡುವಾಗ ಬರೆದಿಟ್ಟ ಸಾವಿರ ಸಾಲಿನ ಲಾಗ್ ಕೊಟ್ಟು "ಎಲ್ಲಿ ಎಡವಿತು ನೋಡು" ಅಂದರೆ ನಾನು ಕಾಫಿ ಕುಡಿದು ಬರುವಷ್ಟರಲ್ಲಿ ಹುಡುಕಿಡುತ್ತದೆ. ಟೆಸ್ಟ್ ಡೇಟಾ ಬೇಕಾ, ಇನ್ನೂರು ಸಾಲು ತಗೊಳ್ಳಿ. ಮೊದಲು ಎರಡು ದಿನ ತಗಲುತ್ತಿದ್ದ ಕೆಲಸ ಈಗ ಅರ್ಧ ಗಂಟೆಯದು. ನಾನು ದಿನಾ ಬಳಸುತ್ತೇನೆ. ಎಐ ವಿರೋಧಿ ಅಂತ ನನಗೆ ಹಣೆಪಟ್ಟಿ ಹಚ್ಚಬೇಡಿ.

ಈಗ ಆ "ಹಾಗಾಗಿ"ಗೆ ಬರೋಣ. ಎಲ್ಲ ಟೆಸ್ಟ್ ಹಸಿರು ಬಂತು, ಕವರೇಜ್ (ಟೆಸ್ಟ್ ಮಾಡುವಾಗ ಕೋಡಿನ ಎಷ್ಟು ಸಾಲು ಓಡಿದವು ಅನ್ನುವ ಲೆಕ್ಕ) ನೂರಕ್ಕೆ ನೂರು, ಅಂದರೆ ಸಾಫ್ಟ್‌ವೇರ್ ಸರಿ ಇದೆ ಅನ್ನುವ ನಂಬಿಕೆ. ಇದು ಫ್ರೆಶರ್‌ಗಳಲ್ಲಿ ಮಾತ್ರ ಇದ್ದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಹದಿನೈದು ವರ್ಷ ಅನುಭವ ಇರುವ ಮ್ಯಾನೇಜರ್‌ಗಳೂ ಇದನ್ನೇ ಹೇಳುತ್ತಾರೆ, ಅದೂ ಪ್ರೊಜೆಕ್ಟರ್ ಹಾಕಿಕೊಂಡು.

ಒಂದು ಉದಾಹರಣೆ ತೆಗೆದುಕೊಳ್ಳಿ. ರೈಲು ಟಿಕೆಟ್. ಮಕ್ಕಳಿಗೆ ಅರ್ಧ ಟಿಕೆಟ್ ಅಂತ ನಮಗೆಲ್ಲ ಗೊತ್ತು. ಏಜೆಂಟ್‌ಗೆ ನೀವು ಹೀಗೆ ಹೇಳುತ್ತೀರಿ: "ಟಿಕೆಟ್ ದರ ಲೆಕ್ಕ ಹಾಕುವ ಕೋಡ್ ಬರೆ. 5ರಿಂದ 12 ವರ್ಷದ ಮಕ್ಕಳಿಗೆ ಅರ್ಧ ದರ." ಅದು ಬರೆಯುತ್ತದೆ. ವಯಸ್ಸು 5 ಅಥವಾ ಜಾಸ್ತಿ ಇರಬೇಕು, 12 ಅಥವಾ ಕಡಿಮೆ ಇರಬೇಕು, ಆಗ ಅರ್ಧ. ಚೆನ್ನಾಗಿದೆ. ಈಗ "ಇದಕ್ಕೆ ಟೆಸ್ಟ್ ಬರೆ" ಅನ್ನುತ್ತೀರಿ. ಅದು ತಾನು ಬರೆದ ಕೋಡನ್ನೇ ಓದಿ ನಾಲ್ಕು, ಐದು, ಎಂಟು, ಹನ್ನೆರಡು, ಹದಿಮೂರು ಅಂತ ಐದು ವಯಸ್ಸಿಗೆ ಟೆಸ್ಟ್ ಬರೆಯುತ್ತದೆ. ಗಡಿಯ ಎರಡೂ ಕಡೆ ನೋಡಿದೆ, ಪುಸ್ತಕದಲ್ಲಿ ಹೇಳಿದ ಹಾಗೇ ಮಾಡಿದೆ. ಐದೂ ಹಸಿರು. ಕೋಡಿನ ಪ್ರತಿ ಸಾಲೂ ಓಡಿದೆ, ಕವರೇಜ್ ನೂರು. ನೀವು ಖುಷಿಯಾಗಿ ಮನೆಗೆ ಹೋಗುತ್ತೀರಿ.

ನಿಜವಾದ ನಿಯಮ ಏನು ಗೊತ್ತಾ? ಅರ್ಧ ಟಿಕೆಟ್ ಇರುವುದು 5 ತುಂಬಿ 12 ತುಂಬದ ಮಗುವಿಗೆ. ಹನ್ನೆರಡು ತುಂಬಿದರೆ ಪೂರ್ತಿ. ಕೋಡ್ ತಪ್ಪು. ಅದೇ ತಪ್ಪನ್ನು ಟೆಸ್ಟ್ ಕೂಡ "ಸರಿ" ಅಂತ ಮುದ್ರೆ ಒತ್ತಿ ಕೂತಿದೆ. ಇನ್ನೂ ಇದೆ. 2016ರ ಏಪ್ರಿಲ್ 21ರಿಂದ ರಿಸರ್ವೇಶನ್‌ನಲ್ಲಿ ಆ ವಯಸ್ಸಿನ ಮಗುವಿಗೆ ಬೇರೆ ಬರ್ತ್ ಬೇಕೆಂದರೆ ಪೂರ್ತಿ ದರ, ಬರ್ತ್ ಬೇಡವೆಂದರೆ ಮಾತ್ರ ಅರ್ಧ. ನಮ್ಮ ಕೋಡಿನಲ್ಲಿ ಬರ್ತ್ ಅನ್ನುವ ಮಾತೇ ಇಲ್ಲ. ಇಲ್ಲದ ಸಾಲನ್ನು ಕವರೇಜ್ ಹೇಗೆ ಅಳೆಯುತ್ತೆ ಹೇಳಿ? ಇರುವ ಸಾಲುಗಳಲ್ಲಿ ಎಷ್ಟು ಓಡಿದವು ಅಂತಷ್ಟೇ ಅದು ಹೇಳುತ್ತದೆ. ಬರೆಯಲು ಮರೆತ ಸಾಲಿನ ಸುದ್ದಿ ಅದಕ್ಕೆ ಗೊತ್ತಿಲ್ಲ. ದೊಡ್ಡ ದೊಡ್ಡ ಬಗ್‌ಗಳು ಇರುವುದೇ ಅಲ್ಲಿ, ಬರೆಯದೇ ಬಿಟ್ಟ ಸಾಲಿನಲ್ಲಿ.

ಎಸ್‌ಎಸ್‌ಎಲ್‌ಸಿ ಪೇಪರ್ ತಿದ್ದುವಾಗ ಕೀ ಆನ್ಸರ್ ಇರುತ್ತಲ್ಲ, ಅದನ್ನು ನೆನಪಿಸಿಕೊಳ್ಳಿ. ಅದನ್ನು ಬೋರ್ಡಿನವರು ಬೇರೆ ಕೂತು ಮಾಡುತ್ತಾರೆ. ವಿದ್ಯಾರ್ಥಿಯ ಉತ್ತರ ಪತ್ರಿಕೆ ನೋಡಿಕೊಂಡು ಕೀ ಆನ್ಸರ್ ಮಾಡಿದರೆ ಎಲ್ಲರಿಗೂ 625ಕ್ಕೆ 625. ಎಐ ತನ್ನ ಕೋಡನ್ನು ಓದಿ ಟೆಸ್ಟ್ ಬರೆಯುವುದು ಅಂದರೆ ಇಷ್ಟೇ. ಸರಿ ಉತ್ತರ ಎಲ್ಲಿಂದ ಬರಬೇಕು ಅನ್ನುವ ಈ ತೊಡಕಿಗೆ ನಮ್ಮ ಕಸುಬಿನಲ್ಲಿ ಒಂದು ಹಳೆಯ ಹೆಸರಿದೆ, ಟೆಸ್ಟ್ ಆರಕಲ್ ಅಂತ. ಡೇಟಾಬೇಸ್ ಕಂಪನಿ ಅಲ್ಲ, ದಯವಿಟ್ಟು ಅದನ್ನು ಕೇಳಬೇಡಿ. ಪ್ರೋಗ್ರಾಂ ಏನು ಕೊಟ್ಟಿತು ಅಂತ ಹೇಳುವುದು ಸುಲಭ. ಏನು ಕೊಡಬೇಕಿತ್ತು ಅಂತ ಹೇಳುವವರು ಯಾರು? ಆ ಉತ್ತರ ಕೋಡಿನ ಹೊರಗಿನಿಂದ ಬರಬೇಕು. ನಿಯಮದಿಂದ, ಕಾನೂನಿನಿಂದ, ಗಿರಾಕಿಯಿಂದ, ಕೌಂಟರ್‌ನಲ್ಲಿ ಕೂತ ಗುಮಾಸ್ತರಿಂದ.

ಇಲ್ಲಿಗೆ ಬಂದ ಕೂಡಲೇ ಎಲ್ಲರೂ ಕೇಳುವ ಮರುಪ್ರಶ್ನೆ ನನಗೆ ಬಾಯಿಪಾಠ ಆಗಿದೆ. "ಮೇಡಂ, ನಾವು ಸರಿಯಾಗಿ ಹೇಳಿದ್ದರೆ ಅದು ಸರಿಯಾಗಿ ಬರೆಯುತ್ತಿತ್ತು ಅಲ್ವಾ?" ಖಂಡಿತ ಬರೆಯುತ್ತಿತ್ತು. ಆದರೆ ಸರಿಯಾಗಿ ಹೇಳುವವರು ಯಾರಪ್ಪ? "ಹನ್ನೆರಡು ಅಂದರೆ ತುಂಬಿದ್ದೋ ನಡೆಯುತ್ತಿರುವುದೋ? ಬುಕ್ ಮಾಡಿದ ದಿನ ಹನ್ನೊಂದು, ರೈಲು ಹತ್ತುವ ದಿನ ಹನ್ನೆರಡು ತುಂಬಿದರೆ ಏನು ಮಾಡೋಣ? ಬರ್ತ್ ಬೇಡ ಅಂದವರು ಆಮೇಲೆ ಬೇಕು ಅಂದರೆ?" ಹೀಗೆ ಎಲ್ಲರ ತಲೆ ತಿನ್ನುತ್ತಾ ಮೀಟಿಂಗ್‌ನಲ್ಲಿ ಕೂರುವ ಒಬ್ಬರು ಇರುತ್ತಾರೆ. ಅವರನ್ನೇ ಟೆಸ್ಟರ್ ಅನ್ನುವುದು. ಕ್ಲಿಕ್ ಮಾಡುವುದು ಅವರ ಕೆಲಸದ ಸಣ್ಣ ಭಾಗ, ಅದನ್ನು ಈಗ ಮಶೀನು ಮಾಡುತ್ತಿದೆ.

ಎರಡನೇ ಮರುಪ್ರಶ್ನೆ ಸ್ವಲ್ಪ ಬುದ್ಧಿವಂತರದು. "ಕೋಡ್ ಒಂದು ಎಐನಿಂದ, ಟೆಸ್ಟ್ ಇನ್ನೊಂದು ಕಂಪನಿಯ ಎಐನಿಂದ ಬರೆಸಿದರೆ?" ಒಳ್ಳೆಯ ಪ್ರಶ್ನೆ. ಕೋಡ್ ತೋರಿಸದೆ ನಿಯಮದ ಕಾಗದ ಮಾತ್ರ ಕೊಟ್ಟು ಬರೆಸಿದರೆ ಒಳ್ಳೆಯದೇ, ನಾನೂ ಮಾಡುತ್ತೇನೆ. ಆದರೆ ಪೂರ್ತಿ ಮದ್ದಲ್ಲ. 1986ರಲ್ಲಿ ಜಾನ್ ನೈಟ್ ಮತ್ತು ನ್ಯಾನ್ಸಿ ಲೆವೆಸನ್ ಅಮೆರಿಕದ ಎರಡು ವಿಶ್ವವಿದ್ಯಾಲಯಗಳಲ್ಲಿ ಒಂದು ಪ್ರಯೋಗ ಮಾಡಿದ್ದರು. ಒಂದೇ ನಿಯಮದ ಕಾಗದ ಕೊಟ್ಟು, ಒಬ್ಬರನ್ನೊಬ್ಬರು ಕೇಳದ ಹಾಗೆ 27 ಜನರಿಂದ 27 ಪ್ರೋಗ್ರಾಂ ಬರೆಸಿದರು. ಹತ್ತು ಲಕ್ಷ ಇನ್‌ಪುಟ್ ಹಾಕಿ ನೋಡಿದರು. ಬೇರೆ ಬೇರೆಯಾಗಿ ಬರೆದವರು ಬೇರೆ ಬೇರೆ ಕಡೆ ಎಡವಬೇಕಿತ್ತಲ್ಲ? ಹಾಗಾಗಲಿಲ್ಲ. ಆಕಸ್ಮಿಕ ಅನ್ನಲಾಗದಷ್ಟು ಸಲ ಒಂದಕ್ಕಿಂತ ಹೆಚ್ಚು ಪ್ರೋಗ್ರಾಂಗಳು ಒಂದೇ ಇನ್‌ಪುಟ್‌ಗೆ ಒಟ್ಟಿಗೇ ಎಡವಿದವು. ಕಷ್ಟದ ಜಾಗ ಎಲ್ಲರಿಗೂ ಕಷ್ಟವೇ. ಅವರಾದರೂ 27 ಬೇರೆ ಬೇರೆ ತಲೆ. ನಮ್ಮ ಎಐಗಳೆಲ್ಲ ಹೆಚ್ಚೂಕಡಿಮೆ ಅದೇ ಇಂಟರ್ನೆಟ್ ಓದಿ ಬೆಳೆದ ಮಕ್ಕಳು. "5ರಿಂದ 12" ಅನ್ನುವುದನ್ನು ಒಂದು ಹೇಗೆ ಓದಿತೋ ಇನ್ನೊಂದೂ ಹಾಗೇ ಓದುವ ಸಾಧ್ಯತೆ ಜಾಸ್ತಿ.

ಇದು ಎಐ ತಂದ ಕಾಯಿಲೆಯೇನೂ ಅಲ್ಲ, ಹಳೆಯದು. ಎಐ ಅದರ ವೇಗ ಹೆಚ್ಚಿಸಿದೆ ಅಷ್ಟೇ. 2024ರ ಜುಲೈ 19 ನೆನಪಿದೆಯಾ? ಆವತ್ತು ಕ್ರೌಡ್‌ಸ್ಟ್ರೈಕ್ ಅನ್ನುವ ಭದ್ರತಾ ಸಾಫ್ಟ್‌ವೇರ್ ಕಂಪನಿ ಕಳಿಸಿದ ಒಂದು ಅಪ್‌ಡೇಟ್‌ನಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ಮಲಗಿದವು. ನಮ್ಮ ದೇಶದ ಏರ್‌ಪೋರ್ಟ್‌ಗಳಲ್ಲೂ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಕಂಪನಿ ಆಮೇಲೆ ಹೇಳಿದ ಕಾರಣ ಕೇಳಿದರೆ ಟೆಸ್ಟರ್‌ಗಳು ತಲೆ ಮೇಲೆ ಕೈ ಹೊತ್ತುಕೊಳ್ಳುತ್ತಾರೆ. ಒಂದು ಟೆಂಪ್ಲೇಟ್‌ನಲ್ಲಿ 21 ಇನ್‌ಪುಟ್ ಇದೆ ಅಂತ ಬರೆದಿತ್ತು. ಅದನ್ನು ಒದಗಿಸುವ ಕೋಡ್ ಕೊಡುತ್ತಿದ್ದದ್ದು 20. ಟೆಸ್ಟ್ ಮಾಡಿರಲಿಲ್ಲವಾ? ಮಾಡಿದ್ದರು. ಆದರೆ ಆ ಟೆಸ್ಟ್‌ಗಳಲ್ಲಿ 21ನೆಯ ಜಾಗದಲ್ಲಿ "ಏನು ಬಂದರೂ ಪರವಾಗಿಲ್ಲ" ಅನ್ನುವ ವೈಲ್ಡ್‌ಕಾರ್ಡ್ ಇತ್ತು. ಹಾಗಾಗಿ 21ನೆಯದನ್ನು ಯಾರೂ ಮುಟ್ಟಲೇ ಇಲ್ಲ. ಎಲ್ಲ ಹಸಿರು. ಕಳಿಸುವ ಮುಂಚೆ ತಪಾಸಣೆ ಮಾಡುವ ಸಾಫ್ಟ್‌ವೇರ್ ಕೂಡ 21 ಇದೆ ಅಂತಲೇ ನಂಬಿ ಬಿಟ್ಟುಬಿಟ್ಟಿತು. ಆವತ್ತು ಮೊದಲ ಸಲ ಆ ಜಾಗಕ್ಕೆ ವೈಲ್ಡ್‌ಕಾರ್ಡ್ ಬದಲು ನಿಜವಾದ ಮೌಲ್ಯ ಬಂತು, ಕೋಡ್ ಹೋಗಿ ಇಲ್ಲದ 21ನೆಯ ಇನ್‌ಪುಟ್‌ಗೆ ಕೈ ಹಾಕಿತು. ಕೋಡಿನಲ್ಲಿದ್ದ ತಪ್ಪು ಊಹೆಯೇ ಟೆಸ್ಟಿನಲ್ಲೂ ಇತ್ತು. ಎರಡೂ ಒಬ್ಬರನ್ನೊಬ್ಬರು ಹೊಗಳಿಕೊಂಡು ಕೂತಿದ್ದವು.

ಎಐ ಬರೆದ ಟೆಸ್ಟ್‌ಗಳ ಬಗ್ಗೆ ಅಂಕಿ ಅಂಶ ಬೇಕು ಅನ್ನುವವರಿಗೆ ಮೆಟಾ ಕಂಪನಿಯೇ 2024ರಲ್ಲಿ ಹೇಳಿದ ಲೆಕ್ಕ ಇದೆ. ಇನ್‌ಸ್ಟಾಗ್ರಾಂನ ರೀಲ್ಸ್ ಮತ್ತು ಸ್ಟೋರೀಸ್ ಕೋಡಿಗೆ ಅವರ ಟೆಸ್ಟ್‌ಜೆನ್ ಅನ್ನುವ ಟೂಲ್ ಟೆಸ್ಟ್ ಬರೆಯಿತು. ಅದರಲ್ಲಿ ಶೇ. 75 ಸರಿಯಾಗಿ ಬಿಲ್ಡ್ ಆದವು, ಅಂದರೆ ಓಡಿಸುವ ಸ್ಥಿತಿಗೆ ಬಂದವು. ಪ್ರತಿ ಸಲವೂ ಪಾಸ್ ಆದವು ಶೇ. 57. ಕವರೇಜ್ ಹೆಚ್ಚಿಸಿದವು ಶೇ. 25. ಇದು ಕೆಟ್ಟ ಫಲಿತಾಂಶ ಅಂತ ನಾನು ಹೇಳುತ್ತಿಲ್ಲ. ಉಳಿದದ್ದನ್ನು ಸೋಸಿ ಬಿಸಾಡಿ, ಒಳ್ಳೆಯದನ್ನಷ್ಟೇ ಎಂಜಿನಿಯರ್‌ಗಳ ಮುಂದೆ ಇಟ್ಟರು, ಅವರು ಬಹುಪಾಲನ್ನು ಒಪ್ಪಿಕೊಂಡರು. ಜಾಣತನದ ಕೆಲಸ. ಆದರೆ ಸೋಸುವ ರೀತಿಯಲ್ಲಿ ಒಂದು ವಿಷಯ ಗಮನಿಸಿ. ಮೊದಲ ಸಲ ಓಡಿಸಿದಾಗ ಫೇಲ್ ಆದ ಟೆಸ್ಟನ್ನು ಅವರು ಎಸೆದುಬಿಡುತ್ತಿದ್ದರು. ಯಾಕೆ? ಟೆಸ್ಟ್ ತಪ್ಪೋ, ಕೋಡ್ ತಪ್ಪೋ ಅಂತ ಟೂಲಿಗೆ ಹೇಳಲು ಬರುವುದಿಲ್ಲ. ಅಂದರೆ ನಿಜವಾದ ಬಗ್ ಹಿಡಿದ ಟೆಸ್ಟ್ ಯಾವುದಾದರೂ ಇದ್ದಿದ್ದರೆ, ಅದೂ ಕಸದ ಬುಟ್ಟಿಗೆ. ಅವರು ಬೇಕೆಂದೇ ಹಾಗೆ ಮಾಡಿದ್ದು. ಅವರಿಗೆ ಬೇಕಿದ್ದದ್ದು ಇವತ್ತು ಕೋಡ್ ಹೇಗಿದೆಯೋ ನಾಳೆಯೂ ಹಾಗೇ ಇರಲಿ ಅನ್ನುವ ಕಾವಲು. ಆ ಕೆಲಸಕ್ಕೆ ಇದು ಸರಿ. ಇವತ್ತಿನ ಕೋಡ್ ಸರಿಯಿದೆಯಾ ಅನ್ನುವ ಪ್ರಶ್ನೆಯನ್ನು ಆ ಟೂಲ್ ಕೇಳಲೇ ಇಲ್ಲ. ನಮ್ಮವರು ಮೊದಲನೆಯದನ್ನು ಮಾಡಿ ಎರಡನೆಯದೂ ಆಯಿತು ಅಂದುಕೊಳ್ಳುತ್ತಾರೆ.

ಇನ್ನು ನನ್ನ ಸ್ವಂತ ಕಥೆ. ಕಂಪನಿ ಹೆಸರು ಕೇಳಬೇಡಿ. ಒಂದು ಬಿಲ್ಲಿಂಗ್ ಸಾಫ್ಟ್‌ವೇರ್. ಸಾವಿರ ರೂಪಾಯಿ ಸಾಮಾನು, ಹತ್ತು ಪರ್ಸೆಂಟ್ ಡಿಸ್ಕೌಂಟ್, ಹದಿನೆಂಟು ಪರ್ಸೆಂಟ್ ಜಿಎಸ್‌ಟಿ. ಬಿಲ್ಲಿನಲ್ಲೇ ತೋರಿಸುವ ಡಿಸ್ಕೌಂಟ್ ಆದರೆ ಮೊದಲು ಅದನ್ನು ಕಳೆದು, ಉಳಿದ 900ಕ್ಕೆ ತೆರಿಗೆ ಹಾಕಬೇಕು. 162 ತೆರಿಗೆ, ಒಟ್ಟು 1,062. ನಾನು ಬರೆದ ಟೆಸ್ಟಿನಲ್ಲಿ ಅದೇ ಇತ್ತು. ಡೆವಲಪರ್ ಏನೋ ಬದಲಾವಣೆ ಮಾಡಿದ, ಲೆಕ್ಕ ಉಲ್ಟಾ ಆಯಿತು. ಮೊದಲು ಸಾವಿರಕ್ಕೆ ತೆರಿಗೆ, ಆಮೇಲೆ ನೂರು ಕಳೆದು 1,080. ಟೆಸ್ಟ್ ಕೆಂಪಾಯಿತು. ಆಗಬೇಕಾದ್ದೇ. ಆ ಹುಡುಗ ಏಜೆಂಟ್‌ಗೆ ಒಂದೇ ಸಾಲು ಹೇಳಿದ, "ಫೇಲ್ ಆಗಿರುವ ಟೆಸ್ಟ್ ಸರಿಮಾಡು" ಅಂತ. ಏಜೆಂಟ್ ನನ್ನ ಟೆಸ್ಟ್ ತೆಗೆದು 1,062 ಇದ್ದ ಕಡೆ 1,080 ಬರೆಯಿತು. ಹಸಿರು. "ಟೆಸ್ಟ್ ಸರಿಪಡಿಸಲಾಗಿದೆ" ಅಂತ ವಿನಯವಾಗಿ ಒಂದು ಟಿಪ್ಪಣಿ ಬೇರೆ. ಅದರದ್ದು ತಪ್ಪು ಅನ್ನಲಾ? ಹೇಳಿದ್ದನ್ನು ಮಾಡಿದೆ ಪಾಪ. ಟೆಸ್ಟ್ ಸರಿಮಾಡು ಅಂದರು, ಮಾಡಿತು. ನಾನು ಆವತ್ತು ಯಾಕೋ ಡಿಫ್ (ಫೈಲಿನಲ್ಲಿ ಏನೇನು ಬದಲಾಗಿದೆ ಅಂತ ತೋರಿಸುವ ಪಟ್ಟಿ) ತೆಗೆದು ನೋಡಿದ್ದರಿಂದ ಸಿಕ್ಕಿತು. ಅಂದಿನಿಂದ ನಮ್ಮ ತಂಡದಲ್ಲಿ ಟೆಸ್ಟ್ ಫೈಲಿನಲ್ಲಿ ಬರಬೇಕಾದ ಉತ್ತರ ಬದಲಾದರೆ ಮನುಷ್ಯರು ಸಹಿ ಹಾಕದೆ ಮುಂದೆ ಹೋಗುವ ಹಾಗಿಲ್ಲ. ಟೆಸ್ಟ್ ಪಾಸ್ ಮಾಡಿಸುವ ಆತುರದಲ್ಲಿ ಹೀಗೆ ಅಡ್ಡದಾರಿ ಹಿಡಿಯುವುದನ್ನು ಎಐ ಮಾಡೆಲ್ ತಯಾರಿಸುವ ಕಂಪನಿಗಳೇ ತಮ್ಮ ವರದಿಗಳಲ್ಲಿ ಒಪ್ಪಿಕೊಂಡಿವೆ. ನಾನೊಬ್ಬಳೇ ಹೇಳುತ್ತಿಲ್ಲ.

ತಾನೇ ರಿಪೇರಿ ಮಾಡಿಕೊಳ್ಳುವ ಟೆಸ್ಟ್‌ಗಳಲ್ಲೂ ಇದೇ ಕಥೆ. ಸಬ್‌ಮಿಟ್ ಬಟನ್ ಬೇರೆ ಜಾಗಕ್ಕೆ ಹೋಯಿತು, ಟೂಲ್ ಹುಡುಕಿಕೊಂಡಿತು, ಸಂತೋಷ. ಸಬ್‌ಮಿಟ್ ಬಟನ್ ಕಾಣೆಯೇ ಆಯಿತು, ಟೂಲ್ ಪಕ್ಕದ ಇನ್ನೊಂದು ಬಟನ್ ಒತ್ತಿ ಮುಂದೆ ಹೋಯಿತು. ಇದಕ್ಕೆ ಸಂತೋಷ ಪಡೋಣವಾ?

ಹಾಗಾದರೆ ನಮ್ಮ ಟೆಸ್ಟ್‌ಗಳಿಗೆ ಹಲ್ಲಿದೆಯಾ ಅಂತ ತಿಳಿಯುವುದು ಹೇಗೆ? 1970ರ ದಶಕದಿಂದ ಒಂದು ಉಪಾಯ ಇದೆ, ಮ್ಯುಟೇಶನ್ ಟೆಸ್ಟಿಂಗ್ ಅಂತ. ಅಕ್ಕಿ ಆರಿಸುವವರು ಎಷ್ಟು ಚೆನ್ನಾಗಿ ಆರಿಸುತ್ತಾರೆ ಅಂತ ನೋಡಬೇಕು ಅಂದುಕೊಳ್ಳಿ. ನಾವೇ ಎಣಿಸಿ ಹತ್ತು ಕಲ್ಲು ಬೆರೆಸಿ ಕೊಡುವುದು. ಎಂಟು ಸಿಕ್ಕರೆ ಪರವಾಗಿಲ್ಲ, ಮೂರು ಸಿಕ್ಕರೆ ಊಟಕ್ಕೆ ಕೂತಾಗ ಹಲ್ಲು ಜೋಪಾನ. ಹಾಗೆಯೇ ಕೋಡಿನಲ್ಲಿ ಬೇಕೆಂದೇ ಸಣ್ಣ ಸಣ್ಣ ತಪ್ಪು ಹಾಕುವುದು. ಕೂಡುವ ಕಡೆ ಕಳೆಯುವುದು, "12 ಅಥವಾ ಕಡಿಮೆ" ಇದ್ದದ್ದನ್ನು "12ಕ್ಕಿಂತ ಕಡಿಮೆ" ಮಾಡುವುದು. ಟೆಸ್ಟ್ ಕೆಂಪಾದರೆ ಅದಕ್ಕೆ ಹಲ್ಲಿದೆ. ಆಗಲೂ ಹಸಿರೇ ಇದ್ದರೆ ಅದು ಸುಮ್ನೆ ತಲೆ ಆಡಿಸುವ ಬಸವ. ಜಾವಾಗೆ ಪಿಟ್, ಜಾವಾಸ್ಕ್ರಿಪ್ಟ್‌ಗೆ ಸ್ಟ್ರೈಕರ್ ಅನ್ನುವ ಟೂಲ್‌ಗಳಿವೆ. ಬಿಟ್ಟಿ ಸಿಗುತ್ತವೆ. ಎಐ ಬರೆದ ಟೆಸ್ಟ್‌ಗಳ ಮೇಲೆ ಒಮ್ಮೆ ಓಡಿಸಿ ನೋಡಿ, ಕವರೇಜ್ ನೂರು ಅಂದವರ ಮುಖ ನೋಡಬೇಕು ಆಮೇಲೆ.

ಆದರೆ ಇಲ್ಲೂ ಎಚ್ಚರ. ನಮ್ಮ ರೈಲಿನ ಟೆಸ್ಟ್‌ಗಳನ್ನೇ ಈ ಪರೀಕ್ಷೆಗೆ ಹಾಕಿದರೆ ಏನಾಗುತ್ತೆ? ಚೆನ್ನಾಗಿ ಪಾಸ್ ಆಗುತ್ತವೆ! "12 ಅಥವಾ ಕಡಿಮೆ" ಅನ್ನುವುದನ್ನು "12ಕ್ಕಿಂತ ಕಡಿಮೆ" ಅಂತ ಬದಲಿಸಿದ ಕೂಡಲೇ ಹನ್ನೆರಡು ವರ್ಷದ ಟೆಸ್ಟ್ ಕೆಂಪಾಗುತ್ತದೆ. ಅಂದರೆ ಕೋಡನ್ನು ಸರಿ ಮಾಡಿದರೆ ಟೆಸ್ಟ್ ಕಿರುಚಿಕೊಳ್ಳುತ್ತದೆ. ಹಲ್ಲು ಗಟ್ಟಿ ಇದೆ, ಕಚ್ಚುತ್ತಿರುವುದು ತಪ್ಪು ಮನುಷ್ಯನನ್ನು. ಈ ಉದಾಹರಣೆಯನ್ನು ನನ್ನ ಹತ್ತಿರ ಕಲಿತವರಿಗೆ ಪ್ರತಿ ಬ್ಯಾಚ್‌ನಲ್ಲೂ ಹೇಳುತ್ತೇನೆ. ಅರ್ಥ ಆದ ಕ್ಷಣ ಮುಖದಲ್ಲಿ ಗೊತ್ತಾಗುತ್ತದೆ. ಅಂಥವರಿಗೆ ಕೆಲಸ ಸಿಗುತ್ತದೆಯೋ ಇಲ್ಲವೋ ಅಂತ ನಾನು ಚಿಂತೆ ಮಾಡುವುದಿಲ್ಲ.

ಎಐ ನಿಜವಾಗಿ ಗೆದ್ದಿರುವ ಕಡೆಯೂ ಇದೆ, ಅದನ್ನು ಹೇಳದಿದ್ದರೆ ಅನ್ಯಾಯ. ಫಝಿಂಗ್ ಅಂತ ಒಂದು ವಿಧಾನ. ಪ್ರೋಗ್ರಾಂಗೆ ಅಡ್ಡಾದಿಡ್ಡಿ ಇನ್‌ಪುಟ್ ಸುರಿಯುತ್ತಲೇ ಇರುವುದು, ಬೀಳುತ್ತಾ ನೋಡುವುದು. 1988ರಲ್ಲಿ ವಿಸ್ಕಾನ್ಸಿನ್‌ನ ಪ್ರೊಫೆಸರ್ ಬಾರ್ಟನ್ ಮಿಲ್ಲರ್ ಶುರು ಮಾಡಿದ್ದು. ಗುಡುಗು ಮಳೆಯ ರಾತ್ರಿ ಮನೆಯಿಂದ ಫೋನ್ ಲೈನಿನಲ್ಲಿ ಕಂಪ್ಯೂಟರ್‌ಗೆ ಕನೆಕ್ಟ್ ಆಗಿದ್ದಾಗ ಲೈನಿನ ಗದ್ದಲ ಸೇರಿ ಪ್ರೋಗ್ರಾಂಗಳು ಬೀಳುವುದನ್ನು ನೋಡಿ ಹೊಳೆದದ್ದಂತೆ. ಗೂಗಲ್ 2016ರಿಂದ ಓಪನ್ ಸೋರ್ಸ್ ಸಾಫ್ಟ್‌ವೇರ್‌ಗಳಿಗೆ ಇದನ್ನು ದೊಡ್ಡದಾಗಿ ನಡೆಸುತ್ತಿದೆ. ಫಝಿಂಗ್‌ಗೆ ಬೇಕಾದ ಕೋಡನ್ನು ಎಐನಿಂದ ಬರೆಸಿ 2024ರ ನವೆಂಬರ್ ಹೊತ್ತಿಗೆ 26 ಹೊಸ ದೋಷ ಹಿಡಿದರು. ಅದರಲ್ಲೊಂದು ಓಪನ್‌ಎಸ್‌ಎಸ್‌ಎಲ್‌ನಲ್ಲಿ. ಅರ್ಧ ಇಂಟರ್ನೆಟ್ಟಿನ ಬೀಗ ಅದು. ಆ ದೋಷ ಬಹುಶಃ ಎರಡು ದಶಕದಿಂದ ಅಲ್ಲೇ ಕೂತಿತ್ತು ಅಂತ ಅವರೇ ಹೇಳಿದರು. ಮನುಷ್ಯರು ಬರೆದ ಟೆಸ್ಟ್‌ಗಳಿಗೆ ಸಿಕ್ಕಿರಲಿಲ್ಲ.

ಇಲ್ಲಿ ಯಾಕೆ ಗೆದ್ದಿತು? ಪ್ರೋಗ್ರಾಂ ಸತ್ತು ಬಿದ್ದರೆ ಅದು ತಪ್ಪು ಅಂತ ಯಾರನ್ನೂ ಕೇಳಬೇಕಾಗಿಲ್ಲ. ಕೀ ಆನ್ಸರ್ ಬಿಟ್ಟಿ ಸಿಕ್ಕಿದೆ. ಇಂಥ ಕಡೆ ಮಶೀನನ್ನು ಬಿಟ್ಟುಬಿಡಿ, ನಿದ್ದೆ ಇಲ್ಲ, ಬೇಜಾರಿಲ್ಲ, ರಾತ್ರಿಯೆಲ್ಲ ಹುಡುಕುತ್ತದೆ. ಹನ್ನೆರಡು ವರ್ಷದ ಮಗುವಿಗೆ ಎಷ್ಟು ಟಿಕೆಟ್ ಅನ್ನುವುದರಲ್ಲಿ ಪ್ರೋಗ್ರಾಂ ಬೀಳುವುದಿಲ್ಲ, ನಗುನಗುತ್ತಲೇ ತಪ್ಪು ಉತ್ತರ ಕೊಡುತ್ತದೆ.

ಆದ್ದರಿಂದ ತಮ್ಮಾ, ಕಲಿಯುವುದಾದರೆ ಒಂದು ಟೂಲಿನ ಹೆಸರು ಹಿಡಿದು ಹೋಗಬೇಡ. ಎಸ್‌ಕ್ಯೂಎಲ್, ಗಿಟ್, ಎಪಿಐ, ಒಂದು ಪ್ರೋಗ್ರಾಮಿಂಗ್ ಭಾಷೆಯನ್ನು ಓದಿ ಅರ್ಥ ಮಾಡಿಕೊಳ್ಳುವಷ್ಟು, ಇಷ್ಟು ಬೇಕು. ಅದರ ಜೊತೆ ಒಂದು ವ್ಯವಹಾರ ಚೆನ್ನಾಗಿ ಗೊತ್ತಿರಲಿ. ಬ್ಯಾಂಕೋ, ಇನ್ಶೂರೆನ್ಸೋ, ಆಸ್ಪತ್ರೆಯೋ. ನಿಮ್ಮ ಮನೆಯವರ ಅಂಗಡಿ ಇದ್ದರೆ ಜಿಎಸ್‌ಟಿ ಬಿಲ್ ನಿನಗೆ ನಮ್ಮ ಆಫೀಸಿನ ಅರ್ಧ ಜನಕ್ಕಿಂತ ಚೆನ್ನಾಗಿ ಗೊತ್ತಿರುತ್ತೆ. ಅದನ್ನು ರೆಸ್ಯೂಮೆಯಲ್ಲಿ ಬರಿ, ನಾಚಿಕೊಳ್ಳಬೇಡ. ಫ್ರೆಶರ್‌ಗಳಿಗೆ ಬಾಗಿಲು ಮೊದಲಿಗಿಂತ ಕಿರಿದಾಗಿದೆ, ಅದನ್ನು ಮುಚ್ಚಿಡುವುದಿಲ್ಲ.

ಇಷ್ಟು ಹೇಳಿದ ಮೇಲೆ ಯಾರೂ ಕೇಳದ ಒಂದು ಪ್ರಶ್ನೆಗೂ ಉತ್ತರ ಹೇಳುತ್ತೇನೆ, ಯಾಕೆಂದರೆ ಯಾರೂ ಕೇಳುವುದಿಲ್ಲ ಅನ್ನುವುದೇ ನನ್ನ ಸಿಟ್ಟು. ಎಐ ಬರೆಯುವ ಟೆಸ್ಟ್‌ಗಳಲ್ಲಿ ಕನ್ನಡದ ಹೆಸರು ಬರುತ್ತಾ?

ಹೇಳದಿದ್ದರೆ ಬರುವುದಿಲ್ಲ. "ಹೆಸರು ತುಂಬುವ ಫಾರ್ಮ್‌ಗೆ ಟೆಸ್ಟ್ ಬರೆ" ಅಂದರೆ ಜಾನ್ ಸ್ಮಿತ್ ಹಾಜರ್. ತುಂಬಾ ಉದ್ದದ ಹೆಸರು ಅಂದರೆ ಇಂಗ್ಲಿಷ್ ಎ ಅಕ್ಷರವನ್ನು ಇನ್ನೂರು ಸಲ ಒತ್ತುತ್ತದೆ. ಈಗ "ಶ್ರೀಲಕ್ಷ್ಮಿ" ಅನ್ನುವ ಹೆಸರು ನೋಡಿ. ನಮ್ಮ ಕಣ್ಣಿಗೆ ಮೂರು ಅಕ್ಷರ. ಪ್ರತಿ ಅಕ್ಷರ, ಚಿಹ್ನೆಗೆ ಒಂದೊಂದು ಸಂಕೇತ ಕೊಡುವ ಯೂನಿಕೋಡ್ ಲೆಕ್ಕದಲ್ಲಿ ಹನ್ನೊಂದು ಸಂಕೇತ. ಆ ಸಂಕೇತಗಳನ್ನು ಕಂಪ್ಯೂಟರ್‌ನಲ್ಲಿ ಉಳಿಸಿಡುವ ಯುಟಿಎಫ್-8 ರೀತಿಯಲ್ಲಿ ಇಟ್ಟರೆ 33 ಬೈಟ್. ಡೇಟಾಬೇಸ್‌ನಲ್ಲಿ ಹೆಸರಿಗೆ 30 ಬೈಟ್ ಇಟ್ಟಿದ್ದರೆ ಲಕ್ಷ್ಮಿಯ ಕೊನೆಯ ಗುಡಿಸು ಹಾರಿಹೋಗುತ್ತದೆ, ಮೂರೇ ಅಕ್ಷರದ ಹೆಸರಿಗೆ! "ಕೊಪ್ಪಳ"ದ "ಕೊ" ತೆಗೆದುಕೊಳ್ಳಿ. ಅದರ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡು ಸಂಕೇತ ಜೋಡಿಸಿಯೂ ಬರೆಯಬಹುದು. ಪರದೆ ಮೇಲೆ ಎರಡೂ ಒಂದೇ. ಸಾಫ್ಟ್‌ವೇರ್ ಎರಡನ್ನೂ ಒಂದೇ ರೂಪಕ್ಕೆ ತರದಿದ್ದರೆ, ಒಂದು ರೀತಿ ಸೇವ್ ಮಾಡಿ ಇನ್ನೊಂದು ರೀತಿ ಹುಡುಕಿದಾಗ ಊರೇ ಇಲ್ಲ ಅನ್ನುತ್ತದೆ. "ರ‍್ಯಾಂಕ್" ಅಂತ ಸರಿಯಾಗಿ ಬರೆಯಲು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಬೇಕು. ಕಾಣದ್ದನ್ನೆಲ್ಲ ಅಪಾಯ ಅಂತ ಕಿತ್ತುಹಾಕುವ ಫಾರ್ಮ್‌ಗಳಿವೆ. ಎಸ್‌ಎಂಎಸ್‌ನಲ್ಲಿ ಇಂಗ್ಲಿಷಿಗೆ 160 ಅಕ್ಷರ ಹಿಡಿದರೆ, ಕನ್ನಡಕ್ಕೆ ಸಾಮಾನ್ಯವಾಗಿ 70 ಸಂಕೇತ. ಒತ್ತು, ಗುಡಿಸು, ಕೊಂಬು ಎಲ್ಲವೂ ಆ ಎಪ್ಪತ್ತರಲ್ಲೇ. ಕನ್ನಡದಲ್ಲಿ ಓಟಿಪಿ ಕಳಿಸುತ್ತೇವೆ ಅಂದವರ ಮೆಸೇಜ್ ಎರಡು ತುಂಡಾಗಿ, ಓಟಿಪಿ ಎರಡನೇ ತುಂಡಿನಲ್ಲಿ ಬಂದದ್ದನ್ನು ನಾನೇ ನೋಡಿದ್ದೇನೆ.

ಇವೆಲ್ಲಕ್ಕಿಂತ ದೊಡ್ಡದು ಸರ್‌ನೇಮ್. ನಮ್ಮಲ್ಲಿ ಎಷ್ಟು ಜನಕ್ಕೆ ಸರ್‌ನೇಮ್ ಇದೆ? ಊರಿನ ಹೆಸರು, ಅಪ್ಪನ ಹೆಸರು ಸೇರಿ ಎರಡು ಇನಿಶಿಯಲ್, ಮುಗೀತು. ನನ್ನ ಅಜ್ಜಿಗೆ ಅದೂ ಇರಲಿಲ್ಲ, ಬರೀ ಪುಟ್ಟಮ್ಮ. ಅಮೆರಿಕಕ್ಕೆ ಹೋದ ನಮ್ಮ ಜನರಲ್ಲಿ ಒಂದೇ ಹೆಸರಿನವರನ್ನು ಕೇಳಿ, ವೀಸಾದಲ್ಲಿ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್, ಮೊದಲ ಹೆಸರು ಗೊತ್ತಿಲ್ಲ) ಅಂತ ಬಂದು ಎಷ್ಟು ಪಾಡು ಪಟ್ಟರು ಅಂತ ಕಥೆ ಹೇಳುತ್ತಾರೆ. ಸರ್‌ನೇಮ್ ಕಡ್ಡಾಯ ಅನ್ನುವ ಫಾರ್ಮ್ ಕಂಡರೆ ನಮ್ಮವರು ಚುಕ್ಕಿ ಹಾಕುತ್ತಾರೆ. ಚುಕ್ಕಿ ಒಪ್ಪದಿದ್ದರೆ ಹೆಸರನ್ನೇ ಎರಡು ಸಲ ಬರೆಯುತ್ತಾರೆ.

ಮೊನ್ನೆ ಇಂಥದ್ದೇ ಒಂದು ಫಾರ್ಮ್ ನನ್ನ ಕೈಗೆ ಬಂತು. ಏಜೆಂಟ್‌ಗೆ ಹೇಳಿದೆ, "ಕರ್ನಾಟಕದ ಹಳ್ಳಿಗಳಲ್ಲಿ ಇರುವಂಥ ಐವತ್ತು ಹೆಸರು ಕೊಡು, ಸರ್‌ನೇಮ್ ಇಲ್ಲದವರೂ ಇರಲಿ, ಈ ಫಾರ್ಮಿನಲ್ಲಿ ಓಡಿಸಿ ನೋಡು." ಒಂದು ನಿಮಿಷವೂ ಆಗಲಿಲ್ಲ. ಒಳ್ಳೊಳ್ಳೆಯ ಹೆಸರು ಕೊಟ್ಟಿತ್ತು. ಸಣ್ಣತಮ್ಮೇಗೌಡ, ನಿಂಗಮ್ಮ, ಬಸವಣ್ಣೆಪ್ಪ, ಎಲ್ಲರೂ ಇದ್ದರು. ಐವತ್ತಕ್ಕೆ ಐವತ್ತೂ ಹಸಿರು. ನನಗೆ ಅನುಮಾನ ಬಂತು, ಯಾಕೆಂದರೆ ಆ ಫಾರ್ಮಿನಲ್ಲಿ ಸರ್‌ನೇಮ್ ಕಡ್ಡಾಯ ಅಂತ ನನಗೆ ಗೊತ್ತಿತ್ತು. ಪಟ್ಟಿ ತೆಗೆದು ನೋಡಿದೆ. ಹದಿನೇಳನೇ ಸಾಲಿನಲ್ಲಿ ಪುಟ್ಟಮ್ಮನೂ ಇದ್ದಳು. ಫಾರ್ಮ್ ಫೇಲ್ ಆಗಬಾರದು ಅಂತ ಪಕ್ಕದ ಕಾಲಂನಲ್ಲಿ ಅವಳಿಗೆ ಒಂದು ಸರ್‌ನೇಮ್ ಕೊಟ್ಟಿತ್ತು: ಕುಮಾರ್.